ಶ್ರೀ ಜಗನ್ನಾಥದಾಸರು ಮತ್ತು ಹೊಟ್ಟೆನೋವಿನ ನೆಪ

ಹರಿಕಥಾಮೃತಸಾರದ ಪ್ರವಚನವು ಚೆಂಬೂರಿನ ಆಸ್ತಿಕರಿಗೆ ಹೊಸದಲ್ಲ. ಕಛೇರಿಯಿಂದ ಲೋಕಲ್ ಗಾಡಿಯಲ್ಲಿ ನಿಂತೇ ಬಂದು, ಕೈಕಾಲು ತೊಳೆದು, ಗ್ರಂಥವನ್ನು ಬಿಡಿಸಿಕೊಂಡು ಕುಳಿತುಕೊಳ್ಳುವ ಸಜ್ಜನರನ್ನು ನಾವು ಎಷ್ಟೋ ಸಾರಿ ಕಂಡಿದ್ದೇವೆ. ಆ ಗ್ರಂಥವನ್ನು ಬರೆದ ಮಹನೀಯರೇ ತಮ್ಮ ತಾರುಣ್ಯದಲ್ಲಿ ಕನ್ನಡದ ಪದಪದ್ಯಗಳು ಪಂಡಿತರ ಯೋಗ್ಯತೆಗೆ ತಕ್ಕವಲ್ಲವೆಂದು ಬಗೆದಿದ್ದರೆಂಬುದು ಅನೇಕರಿಗೆ ತಿಳಿದ ಸಂಗತಿಯಾದರೂ, ಅದರಲ್ಲಿ ಅಡಗಿರುವ ವಿನೋದವನ್ನು ನಾವು ಸಾಮಾನ್ಯವಾಗಿ ಭಕ್ತಿಯ ಭರದಲ್ಲಿ ದಾಟಿ ಹೋಗುತ್ತೇವೆ.

ಶ್ರೀ ಜಗನ್ನಾಥದಾಸರ ಪೂರ್ವಾಶ್ರಮದ ಹೆಸರು ಶ್ರೀನಿವಾಸಾಚಾರ್ಯ. ಇಂದಿನ ರಾಯಚೂರು ಜಿಲ್ಲೆಯ ಮಾನವಿ ತಾಲೂಕಿನ ಬ್ಯಾಗವಟ ಗ್ರಾಮದಲ್ಲಿ 1728ರಲ್ಲಿ ಜನಿಸಿದರು. ತಂದೆ ನರಸಿಂಹಾಚಾರ್ಯರು, ತಾಯಿ ಲಕ್ಷ್ಮಕ್ಕ. ಶ್ರೀ ರಾಘವೇಂದ್ರಸ್ವಾಮಿಗಳ ಪರಂಪರೆಯ ಶ್ರೀ ವರದೇಂದ್ರತೀರ್ಥರಲ್ಲಿ ಶಾಸ್ತ್ರಾಧ್ಯಯನ ಮಾಡಿದರು. ಆ ಯತಿವರೇಣ್ಯರ ಬೃಂದಾವನವು ಪುಣೆಯಲ್ಲಿರುವುದರಿಂದ ನಮ್ಮ ಮುಂಬಯಿಯ ವಾಚಕರಿಗೆ ಅವರ ಹೆಸರು ದೂರದ್ದಲ್ಲ. ಶ್ರೀನಿವಾಸಾಚಾರ್ಯರು ಎಳೆಯ ವಯಸ್ಸಿನಲ್ಲಿಯೇ ಮಾನವಿಯಲ್ಲಿ ಪಾಠ ಹೇಳುವ ಪಂಡಿತರೆನಿಸಿದರು. ಶಿಷ್ಯರೂ ಕೂಡಿದರು, ಕೀರ್ತಿಯೂ ಬಂದಿತು.

ಅದೇ ಸೀಮೆಯಲ್ಲಿ, ತುಂಗಭದ್ರೆಯ ದಡದ ಚೀಕಲಪರವಿಯಲ್ಲಿ, ಶ್ರೀ ವಿಜಯದಾಸರು ಇದ್ದರು. ಕಡುಬಡತನವನ್ನು ಉಂಡವರು, ಕಾಶಿಗೆ ಹೋಗಿ ಬಂದವರು, ಸ್ವಪ್ನದಲ್ಲಿ ಶ್ರೀ ಪುರಂದರದಾಸರಿಂದ ಅಂಕಿತವನ್ನು ಪಡೆದವರು. ಆದರೆ ಹೊರಗಣ್ಣಿಗೆ ಕಾಣುವುದೇನು? ತಂಬೂರಿ, ಚಿಟಿಕೆ, ಕಾಲಲ್ಲಿ ಗೆಜ್ಜೆ, ಬಾಯಲ್ಲಿ ಪ್ರಾಕೃತ. ಸುಧಾಗ್ರಂಥದ ಒಂದು ಪಂಕ್ತಿಗಾಗಿ ರಾತ್ರಿಗಳನ್ನು ಕಳೆದ ತರುಣನಿಗೆ, ಹಳ್ಳಿಯ ಹೆಂಗಸರಿಗೂ ಕೇಳಿದೊಡನೆ ತಿಳಿಯುವ ಮಾತಿನಲ್ಲಿ ತತ್ತ್ವವಿರಬಹುದೆಂದು ತೋರಲಿಲ್ಲ. ಇದನ್ನು ಬರಿಯ ಗರ್ವವೆಂದು ಕಥೆಗಾರರು ಹೇಳಿಬಿಡುತ್ತಾರೆ. ನಮಗೆ ಹಾಗನಿಸುವುದಿಲ್ಲ. ಕಷ್ಟಪಟ್ಟು ಗಳಿಸಿದ್ದಕ್ಕೆ ಮಾತ್ರ ಬೆಲೆಯುಂಟೆಂಬ ಭ್ರಮೆ ವ್ಯಾಕರಣ ಓದಿದವರನ್ನೆಲ್ಲ ಒಂದಲ್ಲ ಒಂದು ಕಾಲದಲ್ಲಿ ಹಿಡಿಯುತ್ತದೆ. ಶ್ರೀ ವಿಜಯದಾಸರು ಹರಿಪಾದವನ್ನು ಸೇರಿದ್ದು 1755ರಲ್ಲಿ. ಆದುದರಿಂದ ಈ ಪ್ರಸಂಗದ ಕಾಲಕ್ಕೆ ಆಚಾರ್ಯರ ವಯಸ್ಸು ಇಪ್ಪತ್ತೇಳನ್ನು ಮೀರಿರಲಾರದೆಂಬುದನ್ನೂ ನೆನಪಿಡಬೇಕು.

ಪ್ರಸಂಗವು ಸಂಪ್ರದಾಯದಲ್ಲಿ ಹೀಗೆ ಬಂದಿದೆ. ಶ್ರೀ ವಿಜಯದಾಸರು ಮಾನವಿಗೆ ದಯಮಾಡಿಸಿ, ಪೂಜೆ ಹಾಗೂ ಸಂತರ್ಪಣೆಯನ್ನು ಇರಿಸಿಕೊಂಡರು. ಊರಿನ ವಿದ್ವಾಂಸರೆಂದು ಶ್ರೀನಿವಾಸಾಚಾರ್ಯರಿಗೂ ಆದರದಿಂದ ಆಮಂತ್ರಣವಿತ್ತರು. ದಾಸರ ಪಂಕ್ತಿಯಲ್ಲಿ ಕುಳಿತು ಉಣ್ಣುವುದು ಆಚಾರ್ಯರಿಗೆ ಬೇಡವಾಗಿತ್ತು. ಬರುವುದಿಲ್ಲವೆಂದು ನೇರವಾಗಿ ಹೇಳುವಷ್ಟು ಒರಟರೂ ಅಲ್ಲ. ತಮಗೆ ಹೊಟ್ಟೆನೋವಿನ ಬಾಧೆಯುಂಟು, ಹೊತ್ತು ಮೀರಿ ಭೋಜನ ಮಾಡಿದರೆ ಆಗದು ಎಂದು ಹೇಳಿ ಕಳುಹಿಸಿ, ಮನೆಯಲ್ಲಿಯೇ ಸುಖವಾಗಿ ಊಟ ಮುಗಿಸಿದರು. ನೌಕರಿಯ ದಿನಗಳಲ್ಲಿ ರಜೆಯ ಅರ್ಜಿಗಳನ್ನು ಓದಿ ಓದಿ ಸವೆದವರು ನಾವು. ಜ್ವರವನ್ನು ಮುಟ್ಟಿ ನೋಡಬಹುದು, ಗಾಯವನ್ನು ಕಣ್ಣಾರೆ ಕಾಣಬಹುದು. ಹೊಟ್ಟೆನೋವಿಗೆ ಮಾತ್ರ ಹೇಳುವವನ ಮಾತೇ ಪ್ರಮಾಣ. ಪ್ರಮಾಣಶಾಸ್ತ್ರವನ್ನು ಬಲ್ಲ ಆಚಾರ್ಯರು ನೆಪವನ್ನು ಆರಿಸುವಲ್ಲಿಯೂ ಪಾಂಡಿತ್ಯವನ್ನು ಬಿಡಲಿಲ್ಲ!

ಕೆಲದಿನಗಳಲ್ಲಿಯೇ ಇಲ್ಲದ ನೋವು ಬಂದೇ ಬಿಟ್ಟಿತು. ಔಷಧಗಳಿಗೆ ಬಗ್ಗದ ಉದರಶೂಲೆ; ಅನ್ನ ಸೇರದು, ದೇಹ ಕೃಶವಾಯಿತು, ಪಾಠಪ್ರವಚನ ನಿಂತವು. ವಿಜಯದಾಸರು ಶಪಿಸಿದರೆಂದು ಹರಿಕಥೆಗಳಲ್ಲಿ ಆವೇಶದಿಂದ ಹೇಳುವವರಿದ್ದಾರೆ. ಮುಂದೆ ನಡೆದುದನ್ನು ನೋಡಿದರೆ ಶಾಪದ ಮಾತು ಒಗ್ಗುವುದಿಲ್ಲ. ಆಚಾರ್ಯರು ಮಂತ್ರಾಲಯಕ್ಕೆ ತೆರಳಿ ರಾಯರ ಸೇವೆಗೆ ನಿಂತರು. ಪಾಂಡಿತ್ಯಕ್ಕೆ ಮನ್ನಣೆಯುಳ್ಳ ರಾಯರ ಸನ್ನಿಧಿಯಲ್ಲಿ ಪಂಡಿತನಿಗೆ ಪರಿಹಾರ ಸಿಕ್ಕೀತೆಂದು ಅವರು ನಂಬಿದ್ದರೆ ಆಶ್ಚರ್ಯವಿಲ್ಲ. ಆದರೆ ಸ್ವಪ್ನದಲ್ಲಿ ರಾಯರು ತೋರಿಸಿದ ದಾರಿ ಚೀಕಲಪರವಿಯದು: ಯಾರನ್ನು ಅವಮಾನಿಸಿದೆಯೋ ಅವರಲ್ಲಿಯೇ ಹೋಗೆಂಬ ಆಜ್ಞೆ. ಆಚಾರ್ಯರು ಹೋಗಿ ಕಾಲಿಗೆರಗಿದರು. ವಿಜಯದಾಸರು ಹಳೆಯ ಮಾತನ್ನು ಎತ್ತದೆ, ತಮ್ಮ ಶಿಷ್ಯರಾದ ಗೋಪಾಲದಾಸರ ಬಳಿಗೆ ಉತ್ತನೂರಿಗೆ ಕಳುಹಿಸಿದರು.

ಉತ್ತನೂರು ಈಗ ತೆಲಂಗಾಣದ ಗದ್ವಾಲ ಸೀಮೆಗೆ ಸೇರಿದೆ. ಗೋಪಾಲದಾಸರ ಪೂರ್ವದ ಹೆಸರು ಭಾಗಣ್ಣ. ಭಕ್ತಿಯಲ್ಲಿ ಭಾಗಣ್ಣ ಎಂಬ ನುಡಿ ಇಂದಿಗೂ ಬಳಕೆಯಲ್ಲಿದೆ. ಬಂದವನು ಅವರಿಗೆ ಅಪರಿಚಿತ. ತಮ್ಮ ಗುರುಗಳನ್ನು ಹೀಯಾಳಿಸಿದವನೆಂಬುದಷ್ಟೇ ಅವನ ಪರಿಚಯ. ಅಂಥವನಿಗೆ ಗುರ್ವಾಜ್ಞೆಯಂತೆ ತಮ್ಮ ಆಯುಷ್ಯದಲ್ಲಿ ನಲ್ವತ್ತು ವರ್ಷಗಳನ್ನು ಧಾರೆಯೆರೆದರೆಂದು ಸಂಪ್ರದಾಯವು ಸ್ಮರಿಸುತ್ತದೆ. ಧನ್ವಂತರಿಯನ್ನು ಪ್ರಾರ್ಥಿಸಿ ಅವರು ಕೊಟ್ಟ ಪ್ರಸಾದವಾದರೂ ಯಾವುದು? ಜೋಳದ ರೊಟ್ಟಿ. ಶೂಲೆಯಿಂದ ನರಳುವವನಿಗೆ ಯಾವ ವೈದ್ಯನೂ ಹೇಳದ ಪಥ್ಯವಿದು. ಸಂತರ್ಪಣೆಯ ಮೃಷ್ಟಾನ್ನವನ್ನು ಬಿಟ್ಟವರು ಒಣರೊಟ್ಟಿಯನ್ನು ತಿಂದು ಗುಣಹೊಂದಿದರು. ಗೋಪಾಲದಾಸರನ್ನು ಗಣಪತಿಯ ಅಂಶಸಂಭೂತರೆಂದು ದಾಸಪರಂಪರೆ ಗೌರವಿಸುತ್ತದೆ. ಉದರದ ವ್ಯಾಧಿಗೆ ಲಂಬೋದರನೇ ವೈದ್ಯನಾಗಿ ದೊರೆತನೆನ್ನಬೇಕು. ಗೋಪಾಲದಾಸರು 1762ರಲ್ಲಿ, ಸುಮಾರು ನಲ್ವತ್ತರ ಪ್ರಾಯದಲ್ಲಿಯೇ ದೇಹವನ್ನು ಬಿಟ್ಟರು. ಶ್ರೀನಿವಾಸಾಚಾರ್ಯರು ಎಂಬತ್ತೊಂದು ವರ್ಷ ಬಾಳಿದರು.

ಆಮೇಲೆ ಪಂಢರಪುರ. ಅಲ್ಲಿ ಚಂದ್ರಭಾಗೆಯಲ್ಲಿ ಮುಳುಗಿ ಏಳುವಾಗ ಜಗನ್ನಾಥವಿಠಲ ಎಂಬ ಅಂಕಿತವುಳ್ಳ ಶಿಲೆ ತಲೆಗೆ ತಾಗಿತೆಂದು ಐತಿಹ್ಯ. ಆ ದಿನದಿಂದ ಆಚಾರ್ಯರು ದಾಸರಾದರು. ತಾವು ನಕ್ಕಿದ್ದ ಗೆಜ್ಜೆ ತಂಬೂರಿಗಳನ್ನು ತಾವೇ ಧರಿಸಿದರು. ಓದಿದ್ದನ್ನೇನೂ ಎಸೆಯಲಿಲ್ಲ. ಭಾಮಿನೀ ಷಟ್ಪದಿಯ ಮೂವತ್ತೆರಡು ಸಂಧಿಗಳಲ್ಲಿ ಶ್ರೀಮದಾಚಾರ್ಯರ ಸಿದ್ಧಾಂತವನ್ನೆಲ್ಲ ಇಳಿಸಿದ ಹರಿಕಥಾಮೃತಸಾರವು, ಶಾಸ್ತ್ರವನ್ನು ಅರಗಿಸಿಕೊಂಡವರಿಂದಲ್ಲದೆ ಆಗುವ ಕೆಲಸವಲ್ಲ. ಹೆಣ್ಣುಮಕ್ಕಳು ಹಾಡಿಕೊಳ್ಳುವ ತ್ರಿಪದಿಯ ಧಾಟಿಯಲ್ಲಿ ತತ್ತ್ವಸುವ್ವಾಲಿಯನ್ನೂ ರಚಿಸಿದರು. ವಿನೋದವೆಂದರೆ, ಪ್ರಾಕೃತವೆಂದು ಒಮ್ಮೆ ಅವರೇ ಕಡೆಗಣಿಸಿದ್ದ ಕನ್ನಡದಲ್ಲಿ ಹುಟ್ಟಿದ ಹರಿಕಥಾಮೃತಸಾರಕ್ಕೆ ಮುಂದೆ ಪಂಡಿತರು ಸಂಸ್ಕೃತದಲ್ಲಿ ವ್ಯಾಖ್ಯಾನ ಬರೆಯಬೇಕಾಯಿತು.

ದಾಸರು 1809ರ ಭಾದ್ರಪದ ಶುದ್ಧ ನವಮಿಯಂದು ಮಾನವಿಯಲ್ಲಿ ಹರಿಪುರವನ್ನು ಸೇರಿದರು. ಅವರ ಮನೆಯ ಕಂಬದಲ್ಲಿ ಸನ್ನಿಧಾನವುಂಟೆಂಬ ನಂಬಿಕೆಯಿಂದ ಅಲ್ಲಿ ಇಂದಿಗೂ ಪೂಜೆ ನಡೆಯುತ್ತಿದೆ. ಮುಂಬಯಿ-ಚೆನ್ನೈ ಮಾರ್ಗದಲ್ಲಿ ಮಂತ್ರಾಲಯಕ್ಕೆಂದು ಹೊರಟ ಭಕ್ತರು ರಾಯಚೂರಿನಲ್ಲಿ ಇಳಿದರೆ ಮಾನವಿಯನ್ನೂ ನೋಡಿಕೊಂಡು ಹೋಗಬಹುದು; ಬಹುಮಂದಿ ಆ ನಿಲ್ದಾಣವನ್ನು ನಿದ್ರೆಯಲ್ಲಿಯೇ ದಾಟುತ್ತಾರೆ.

ದಾಸರ ಶಿಷ್ಯರಲ್ಲಿ ಹಾವೇರಿಯ ಬಳಿಯ ಕರ್ಜಗಿಯ ದಾಸಪ್ಪನವರೆಂಬವರೊಬ್ಬರು. ಮೊದಲು ಭೋಗಜೀವನದಲ್ಲಿ ಮುಳುಗಿದ್ದವರೆಂದು, ಸಜ್ಜನರು ಅವರನ್ನು ಕಂಡು ಮುಖ ತಿರುಗಿಸುತ್ತಿದ್ದರೆಂದು ಹೇಳುತ್ತಾರೆ. ಜಗನ್ನಾಥದಾಸರು ಮಾತ್ರ ಮುಖ ತಿರುಗಿಸಲಿಲ್ಲ. ಕರೆದು ಕೂಡಿಸಿಕೊಂಡು ದಾಸದೀಕ್ಷೆಯನ್ನಿತ್ತರು. ಶ್ರೀದವಿಠಲ ಎಂಬ ಅಂಕಿತದಿಂದ ಹರಿಕಥಾಮೃತಸಾರದ ಕೊನೆಗೆ ಫಲಶ್ರುತಿಯ ಸಂಧಿಯನ್ನು ಸೇರಿಸಿದವರು ಅವರೇ.