ಏಕತಾರಿಯ ಬೆನ್ನು ಹತ್ತಿದ ಸಿ.ವಿ. ರಾಮನ್

ಸರ್ ಸಿ.ವಿ. ರಾಮನ್ ಅಂದಕೂಡಲೇ ನಮಗೆ ನೆನಪಾಗುವುದು ಬೆಳಕು. ಆದರೆ ಅವರು ಬಹಳ ವರ್ಷ ಬೆನ್ನು ಹತ್ತಿದ್ದು ನಾದವನ್ನು. ನಮ್ಮ ಹೂವಿನ ಹಿಪ್ಪರಗಿಯ ಭಜನಿಯಾಗ ಬಾರಿಸುವ ಏಕತಾರಿ, ತಬಲಾ ಅವರ ಪ್ರಯೋಗದ ಸಾಮಾನು ಆಗಿದ್ದವು ಅಂದ್ರ ನಂಬತೀರೇನು?

ರಾಮನ್ 1888ರ ನವೆಂಬರ್ 7ರಂದು ತಿರುಚಿನಾಪಳ್ಳಿಯಲ್ಲಿ ಜನಿಸಿದರು. ಮದ್ರಾಸಿನಲ್ಲಿ ಎಂ.ಎ. ಮುಗಿಸಿ, 1907ರಲ್ಲಿ ಕಲಕತ್ತೆಯಲ್ಲಿ ಸರಕಾರದ ಹಣಕಾಸು ಇಲಾಖೆಯ ಅಧಿಕಾರಿಯಾದರು. ಹಗಲೆಲ್ಲ ಲೆಕ್ಕಪತ್ರ. ಕಚೇರಿಗೆ ಹೋಗುವ ಮೊದಲು, ಬಂದ ಮೇಲೆ ಬೌಬಜಾರ್ ಓಣಿಯ ಪ್ರಯೋಗಶಾಲೆ. 1909ರಲ್ಲಿ ಏಕತಾರಿಯ ಮೇಲೆಯೇ ಒಂದು ಲೇಖನ ಬರೆದರು.

ಏಕತಾರಿಯೊಳಗ ಅಂಥಾದ್ದೇನೈತಿ? ತಂತಿಯನ್ನು ಬದಿಗೆ ಜಗ್ಗಿದರೆ ಅದರ ಬಿಗಿತ ಮತ್ತೆ ನಡುವಿಗೆ ಎಳೆಯುತ್ತದೆ. ಎರಡು ಪಟ್ಟು ಜಗ್ಗಿದರೆ ಎಳೆತವೂ ಎರಡು ಪಟ್ಟು. (ಸ್ವಲ್ಪ ಜಗ್ಗಿದಾಗ ಮಾತ್ರ, ಹರಿಯೂ ಹಂಗ ಜಗ್ಗಬ್ಯಾಡ್ರಿ!) ನಡುವಿಗೆ ಬಂದ ತಂತಿ ಅಲ್ಲಿ ನಿಲ್ಲದೆ ವೇಗದಿಂದ ಆಚೆ ಹೋಗುತ್ತದೆ. ಇದೇ ಸರಳ ಸಂಗತ ಚಲನೆ. ಏಕತಾರಿಯ ತಂತಿಯ ತುದಿ ಚರ್ಮಕ್ಕೆ ಕಟ್ಟಿರುತ್ತದೆ. ತಂತಿ ಎಡಕ್ಕೆ ಹೋದಾಗಲೂ ಹಿಗ್ಗುತ್ತದೆ, ಬಲಕ್ಕೆ ಹೋದಾಗಲೂ ಹಿಗ್ಗುತ್ತದೆ. ಹೀಗಾಗಿ ತಂತಿ ಒಂದು ಸಲ ಓಲಾಡುವುದರೊಳಗೆ ಚರ್ಮಕ್ಕೆ ಎರಡು ಸಲ ಎಳೆತ ಬೀಳುತ್ತದೆ.

1917ರಲ್ಲಿ ರಾಮನ್ ದೊಡ್ಡ ಸಂಬಳದ ನೌಕರಿ ಬಿಟ್ಟು, ಕಡಿಮೆ ಸಂಬಳಕ್ಕೆ ಕಲಕತ್ತಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಇವತ್ತು ಯಾರಾದರೂ ಹಿಂಗ ಮಾಡಿದರ ಮನಿಯವರು ಸುಮ್ಮನ ಬಿಡತಾರೇನು?

1920ರಲ್ಲಿ ಮೃದಂಗ, ತಬಲಾಗಳ ಗುಟ್ಟು ಪ್ರಕಟಿಸಿದರು. ಬರೇ ಚರ್ಮ ಬಿಗಿದರೆ ಮೂಲ ಸ್ವರದ ಜೊತೆ 1.59 ಪಟ್ಟು, 2.14 ಪಟ್ಟು ಹೀಗೆ ಹೊಂದಿಕೆಯಿಲ್ಲದ ಸ್ವರಗಳು ಏಳುತ್ತವೆ. ಅದು ಗದ್ದಲ. ನಡುವೆ ಕರೀ ಶಾಯಿ ಹಚ್ಚಿದರೆ ಅದರ ಭಾರಕ್ಕೆ ಸ್ವರಗಳು ಹೆಚ್ಚುಕಡಿಮೆ 1, 2, 3, 4, 5 ಪಟ್ಟಿಗೆ ಬಂದು ಕೂಡುತ್ತವೆ. ಈ ಶಾಯಿ ಕಂಡುಹಿಡಿದ ನಮ್ಮ ಹಿರಿಯರು ಯಾವ ಕಾಲೇಜಿಗೂ ಹೋದವರಲ್ಲ, ಕಿವಿಯಿಂದಲೇ ಲೆಕ್ಕ ಮಾಡಿದವರು. ಮುಂದೆ ಬೆಂಗಳೂರಿಗೆ ಬಂದ ಮೇಲೂ ರಾಮನ್ ಇದನ್ನು ಬಿಡಲಿಲ್ಲ. ಬಾರಿಸುವ ಚರ್ಮದ ಮೇಲೆ ಸಣ್ಣ ಉಸುಕು ಉದುರಿಸಿ, ಅಲುಗದ ಜಾಗದಲ್ಲಿ ಉಸುಕು ಗೆರೆಗಟ್ಟುವುದನ್ನು ತೋರಿಸಿ 1934ರಲ್ಲಿ ಮತ್ತೆ ಬರೆದರು.

1928ರ ಫೆಬ್ರುವರಿ 28ರ ಶೋಧವೂ ನಡುಕದ್ದೇ. ಅಣುವಿನೊಳಗೆ ಪರಮಾಣುಗಳು ಸ್ಪ್ರಿಂಗಿಗೆ ಕಟ್ಟಿದ ಗುಂಡುಗಳಂತೆ ನಡುಗುತ್ತವೆ. ಚದುರಿದ ಬೆಳಕಿನ ಬಣ್ಣ ಎಷ್ಟು ಬದಲಾಯಿತೆಂದು ಅಳೆದರೆ ಆ ನಡುಕದ ಲೆಕ್ಕ ಸಿಗುತ್ತದೆ. ಇದಕ್ಕೆ 1930ರಲ್ಲಿ ನೊಬೆಲ್ ಬಂತು.

1933ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾದರು. 1948ರಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆ ಕಟ್ಟಿದರು. 1970ರ ನವೆಂಬರ್ 21ರಂದು ತೀರಿಕೊಂಡಾಗ ಆ ಸಂಸ್ಥೆಯ ತೋಟದಲ್ಲೇ ಅವರ ದಹನವಾಯಿತು.