ಸೂಜಿ ದಾರಕ್ಕೆ ಬೆಲೆ ತಂದ ಕಮಲಾದೇವಿ



ನಮ್ಮ ಪಕ್ಕದ ಸಂಡೂರಿನ ಲಂಬಾಣಿ ಮಹಿಳೆಯರು ಕನ್ನಡಿ ಚೂರು, ಕವಡೆ ಕೂಡಿಸಿ ಹಾಕುವ ಕಸೂತಿಯನ್ನು ನೀವು ನೋಡಿರುತ್ತೀರಿ. ಮನೆಯ ಹೆಣ್ಣುಮಕ್ಕಳ ಇಂಥ ಕೈಕೆಲಸವೂ ಒಂದು ಉದ್ಯೋಗ, ಅದಕ್ಕೆ ನ್ಯಾಯವಾದ ಕೂಲಿ ಸಿಗಲೇಬೇಕು ಎಂದು ದೇಶಕ್ಕೆ ತಿಳಿಸಿಕೊಟ್ಟವರಲ್ಲಿ ಮುಂಚೂಣಿಯಲ್ಲಿದ್ದವರು ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ.

ಅವರು ಹುಟ್ಟಿದ್ದು 1903ರ ಏಪ್ರಿಲ್ 3ರಂದು. ಏಳನೇ ವಯಸ್ಸಿನಲ್ಲಿ ತಂದೆ ತೀರಿಕೊಂಡರು. ಉಯಿಲು ಇರಲಿಲ್ಲ. ಅಂದಿನ ಕಾನೂನಿನಂತೆ ಆಸ್ತಿಯೆಲ್ಲ ತಂದೆಯ ಮೊದಲ ಹೆಂಡತಿಯ ಮಗನಿಗೆ ಸೇರಿತು. ತಾಯಿ ಗಿರಿಜಾಬಾಯಿಗೆ ಸಿಕ್ಕಿದ್ದು ತಿಂಗಳ ಜೀವನಾಂಶ ಮಾತ್ರ. ಅದನ್ನೂ ಬೇಡವೆಂದ ಆ ತಾಯಿ, ತವರಿನಿಂದ ಬಂದದ್ದರಲ್ಲಿಯೇ ಹೆಣ್ಣುಮಕ್ಕಳನ್ನು ಸಾಕಿದರು. ಕಮಲಾದೇವಿಯವರಿಗೆ 14ನೇ ವಯಸ್ಸಿಗೆ ಮದುವೆಯಾಯಿತು. ಎರಡೇ ವರ್ಷಗಳಲ್ಲಿ ಪತಿ ತೀರಿಕೊಂಡರು. ಆದರೂ ಓದು ನಿಲ್ಲಲಿಲ್ಲ. ಮುಂದೆ ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ವಿವಾಹವಾದರು.

1926ರಲ್ಲಿ ಮದ್ರಾಸ್ ಶಾಸನ ಪರಿಷತ್ತಿನ ಚುನಾವಣೆಗೆ ನಿಂತು ಅಲ್ಪ ಮತಗಳಿಂದ ಸೋತರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಮುಂಬಯಿಯಲ್ಲಿ ಉಪ್ಪು ಮಾರಿ ಜೈಲು ಸೇರಿದರು.

ಅವರ ಬಹು ದೊಡ್ಡ ಕೆಲಸ ನಡೆದದ್ದು ಸ್ವಾತಂತ್ರ್ಯದ ನಂತರ. ದೇಶ ವಿಭಜನೆಯಾದಾಗ ಅಫ್ಘಾನ್ ಗಡಿಗೆ ಹೊಂದಿದ ವಾಯವ್ಯ ಪ್ರಾಂತ್ಯದಿಂದಲೂ ಸಾವಿರಾರು ಕುಟುಂಬಗಳು ಮನೆಮಾರು ಬಿಟ್ಟು ಬಂದವು. ಕಮಲಾದೇವಿಯವರು 1948ರಲ್ಲಿ ಭಾರತೀಯ ಸಹಕಾರ ಒಕ್ಕೂಟ ಕಟ್ಟಿ, ಫರೀದಾಬಾದಿನಲ್ಲಿ ಇವರ ಪುನರ್ವಸತಿಗೆ ದುಡಿದರು. ನಿರಾಶ್ರಿತರು ದಾನಕ್ಕೆ ಕೈಚಾಚದೆ, ಸಂಘ ಕಟ್ಟಿಕೊಂಡು ದುಡಿಯಬೇಕೆಂಬುದು ಅವರ ನಿಲುವು. ಅಲ್ಲಿಯ ಜನ ತಮ್ಮ ಮನೆಗಳನ್ನು ತಾವೇ ಕಟ್ಟಿಕೊಂಡರು.

1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷರಾದ ಅವರು ಊರೂರು ಅಲೆದು ನೇಕಾರರು, ಕುಂಬಾರರು, ಕಸೂತಿ ಹಾಕುವ ಮಹಿಳೆಯರನ್ನು ಕಂಡರು. ಕಲೆ ಉಳಿಯಬೇಕಾದರೆ ಕಲಾವಿದರ ಹೊಟ್ಟೆ ತುಂಬಬೇಕು. ಹೊಟ್ಟೆ ತುಂಬಬೇಕಾದರೆ ಒಳ್ಳೆಯ ಕಚ್ಚಾ ಸಾಮಗ್ರಿ, ಹೊಸ ಕಾಲಕ್ಕೆ ಒಪ್ಪುವ ವಿನ್ಯಾಸ, ದಲ್ಲಾಳಿಯಿಲ್ಲದ ಮಾರುಕಟ್ಟೆ ಬೇಕು. ಇದನ್ನು ಮನಗಂಡೇ ಅವರ ಒಕ್ಕೂಟ ದೆಹಲಿಯ ಕೇಂದ್ರ ಗುಡಿ ಕೈಗಾರಿಕಾ ಮಳಿಗೆಯನ್ನು ವಹಿಸಿಕೊಂಡು ನಡೆಸಿತು. 1966ರಲ್ಲಿ ಮ್ಯಾಗ್ಸೆಸೆ, 1987ರಲ್ಲಿ ಪದ್ಮವಿಭೂಷಣ ಅವರನ್ನು ಅರಸಿ ಬಂದವು. 1988ರ ಅಕ್ಟೋಬರ್ 29ರಂದು ನಿಧನರಾದರು.

ಸಂಡೂರು ಕುಶಲ ಕಲಾ ಕೇಂದ್ರವನ್ನು ಕಟ್ಟಿದವರು ಬೇರೆ. ಆದರೆ ಅದು ನಡೆದದ್ದು ಇದೇ ದಾರಿಯಲ್ಲಿ. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ವೇಳೆ 450ಕ್ಕೂ ಹೆಚ್ಚು ಮಹಿಳೆಯರು ಸಿದ್ಧಪಡಿಸಿದ 1,755 ಲಂಬಾಣಿ ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು.

ಅತ್ತ ಅಫ್ಘಾನಿಸ್ತಾನದಲ್ಲಿ 2021ರ ಆಗಸ್ಟ್‌ನಲ್ಲಿ ತಾಲಿಬಾನ್ ಆಡಳಿತ ಮರಳಿದ ಮೇಲೆ ಹೆಣ್ಣುಮಕ್ಕಳಿಗೆ ಆರನೇ ತರಗತಿಯ ಮುಂದಿನ ಶಾಲೆ ಮುಚ್ಚಿತು, ಅನೇಕ ನೌಕರಿಗಳೂ ತಪ್ಪಿದವು. ಕಂದಹಾರದ ಖಾಮಕ್‌ನಂತಹ ನವಿರಾದ ರೇಷ್ಮೆ ಕಸೂತಿ ಅಲ್ಲಿನ ಹಲವು ಮನೆಗಳಿಗೆ ಆಸರೆಯಾಗಿದೆ. ಸೂಜಿ ಹಿಡಿದ ಕೈ ಯಾವ ದೇಶದ್ದಾದರೂ ಹಸಿವು ಒಂದೇ ಅಲ್ಲವೇ?

ವಿದ್ಯಾರ್ಥಿನಿಯರೇ, ನಿಮ್ಮ ಮನೆಯಲ್ಲೂ ಅಮ್ಮನೋ ಅಕ್ಕನೋ ಹೊಲಿಗೆ, ಕಸೂತಿಯಿಂದ ನಾಲ್ಕು ಕಾಸು ಸಂಪಾದಿಸುತ್ತಿರಬಹುದು. ಅವರ ಲೆಕ್ಕ ಬರೆದುಕೊಡಿ, ಬ್ಯಾಂಕ್ ಖಾತೆ ಅವರ ಹೆಸರಲ್ಲೇ ಇರಲಿ. ಹಂಪಿಯಲ್ಲಿ ಕಸೂತಿ ಚೀಲ ಕೊಳ್ಳುವಾಗ ಚೌಕಾಸಿ ಮಾಡುವ ಮುನ್ನ ಅದಕ್ಕೆ ಎಷ್ಟು ದಿನ ಹಿಡಿದಿರಬಹುದೆಂದು ಒಮ್ಮೆ ಯೋಚಿಸಿ. ಕಮಲಾದೇವಿಯವರಿಗೆ ನಾವು ಸಲ್ಲಿಸಬಹುದಾದ ಗೌರವ ಅದೇ.