ಸುಂಟರಗಾಳಿಯನ್ನು ಅಳೆದ ಫುಜಿತಾ

ಸುಂಟರಗಾಳಿಯ ವಿಜ್ಞಾನದಲ್ಲಿ ಟೆಟ್ಸುಯಾ ಫುಜಿತಾ ಅವರದು ದೊಡ್ಡ ಹೆಸರು. ಅವರೂ ನನ್ನಂತೆ ಎಂಜಿನಿಯರಿಂಗ್ ಓದಿದವರೆಂದು ತಿಳಿದ ಮೇಲೆ ಅವರ ಜೀವನದಲ್ಲಿ ನನಗೆ ಆಸಕ್ತಿ ಹುಟ್ಟಿತು. ನಮ್ಮ ಶಾಲೆಯ ಇಂದಿನ ವಿದ್ಯಾರ್ಥಿಗಳಿಗಾಗಿ ಅದನ್ನು ಇಲ್ಲಿ ಹೇಳುತ್ತಿದ್ದೇನೆ.

ಫುಜಿತಾ 1920ರ ಅಕ್ಟೋಬರ್ 23ರಂದು ಜಪಾನಿನ ಕ್ಯೂಶೂ ದ್ವೀಪದಲ್ಲಿ ಜನಿಸಿದರು. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಕಲಿತ ಕಾಲೇಜಿನಲ್ಲೇ ಅಧ್ಯಾಪಕರಾದರು. 1945ರ ಆಗಸ್ಟ್ 9ರಂದು ಎರಡನೆಯ ಅಣುಬಾಂಬಿಗೆ ಮೊದಲು ಗೊತ್ತುಮಾಡಿದ್ದ ಗುರಿ ಅವರಿದ್ದ ಸ್ಥಳಕ್ಕೆ ಹತ್ತಿರದ ಕೊಕುರಾ. ಅಲ್ಲಿ ಆಕಾಶ ಮಸುಕಾಗಿದ್ದರಿಂದ ವಿಮಾನ ನಾಗಸಾಕಿಗೆ ತಿರುಗಿತು. ಬಳಿಕ ನಾಗಸಾಕಿಗೆ ಹೋದ ಫುಜಿತಾ, ಸ್ಫೋಟದ ಕೇಂದ್ರದಿಂದ ಹೊರಮುಖವಾಗಿ ಮರಗಳು ಬಿದ್ದಿದ್ದನ್ನು ಗಮನಿಸಿದರು.

ಮೋಡಗಳ ಮೇಲಿನ ಆಸಕ್ತಿ ಅವರನ್ನು 1953ರಲ್ಲಿ ಷಿಕಾಗೋ ವಿಶ್ವವಿದ್ಯಾಲಯಕ್ಕೆ ಕರೆದೊಯ್ದಿತು. ಸುಂಟರಗಾಳಿಯ ನಡುವೆ ಉಪಕರಣ ಇಟ್ಟು ವೇಗ ಅಳೆಯುವುದು ಕಷ್ಟ. ಆದ್ದರಿಂದ ಮನೆ, ಮರ, ವಾಹನಗಳಿಗಾದ ಹಾನಿಯನ್ನು ನೋಡಿ ಗಾಳಿಯ ವೇಗ ಅಂದಾಜಿಸುವ ಮಾಪಕವನ್ನು ಅವರು 1971ರಲ್ಲಿ ರೂಪಿಸಿದರು. ಎಫ್-0 ಎಂದರೆ ಅಲ್ಪ ಹಾನಿ, ಎಫ್-5 ಎಂದರೆ ಗಟ್ಟಿಮನೆಯೂ ಬುಡಸಹಿತ ಕಿತ್ತುಹೋಗುವಷ್ಟು.

1974ರ ಏಪ್ರಿಲ್ 3 ಮತ್ತು 4ರಂದು ಅಮೆರಿಕದ 13 ರಾಜ್ಯಗಳಲ್ಲಿ 148 ಸುಂಟರಗಾಳಿಗಳು ಎದ್ದವು. ವಿಮಾನದಿಂದ ಹಾನಿ ಪರಿಶೀಲಿಸುವಾಗ ಕೆಲವೆಡೆ ಮರಗಳು ಸುರುಳಿಯಾಗಿ ಬೀಳದೆ, ನಾಗಸಾಕಿಯಲ್ಲಿ ಕಂಡಂತೆ ಹೊರಮುಖವಾಗಿ ಬಿದ್ದಿದ್ದವು. ಮರುವರ್ಷ ನ್ಯೂಯಾರ್ಕಿನಲ್ಲಿ ಇಳಿಯುತ್ತಿದ್ದ ವಿಮಾನವೊಂದು ಗುಡುಗು ಮಳೆಯಲ್ಲಿ ಉರುಳಿ 100ಕ್ಕೂ ಹೆಚ್ಚು ಮಂದಿ ಸತ್ತರು. ಗುಡುಗು ಮೋಡದಿಂದ ತಣ್ಣನೆಯ ಗಾಳಿ ರಭಸವಾಗಿ ಕೆಳಗೆ ಬಿದ್ದು, ನೆಲಕ್ಕೆ ಬಡಿದು ಎಲ್ಲ ಕಡೆಗೂ ಹರಡುತ್ತದೆ. ಎದುರುಗಾಳಿ ಥಟ್ಟನೆ ಹಿಂಗಾಳಿಯಾಗಿ ವಿಮಾನ ಕುಸಿಯುತ್ತದೆ ಎಂದು ಫುಜಿತಾ ವಾದಿಸಿದರು. ಅದಕ್ಕೆ ಮೈಕ್ರೋಬರ್ಸ್ಟ್ ಎಂದು ಹೆಸರಿಟ್ಟರು.

ಹಲವು ವಿಜ್ಞಾನಿಗಳು ಇದನ್ನು ಒಪ್ಪಲಿಲ್ಲ. ಫುಜಿತಾ ವಾದಕ್ಕೆ ನಿಲ್ಲದೆ ಸಾಕ್ಷ್ಯ ಹುಡುಕಿದರು. 1978ರಲ್ಲಿ ಷಿಕಾಗೋ ಸುತ್ತ ಇರಿಸಿದ ಡಾಪ್ಲರ್ ರೇಡಾರ್‌ಗಳಲ್ಲಿ ಮೈಕ್ರೋಬರ್ಸ್ಟ್ ದಾಖಲಾಯಿತು. ಮುಂದೆ ಅಮೆರಿಕದ ದೊಡ್ಡ ವಿಮಾನ ನಿಲ್ದಾಣಗಳಿಗೆ ಎಚ್ಚರಿಕೆ ನೀಡುವ ರೇಡಾರ್ ಬಂತು, ಪೈಲಟ್‌ಗಳಿಗೆ ತರಬೇತಿ ಸಿಕ್ಕಿತು, ಇಂಥ ಅಪಘಾತಗಳು ಬಹಳ ಕಡಿಮೆಯಾದವು. ಇಂದು ನಾವು ನಿಶ್ಚಿಂತೆಯಿಂದ ವಿಮಾನ ಹತ್ತುವುದರಲ್ಲಿ ಅವರ ಪಾಲೂ ಇದೆ.

ಇಷ್ಟೆಲ್ಲ ತಿಳಿದಿದ್ದ ಫುಜಿತಾ ಸುಂಟರಗಾಳಿಯನ್ನು ಮೊದಲ ಬಾರಿಗೆ ಕಣ್ಣಾರೆ ಕಂಡಿದ್ದು 1982ರಲ್ಲಿ! ಅಲ್ಲಿಯವರೆಗೆ ಅದು ಬಿಟ್ಟುಹೋದ ಗುರುತುಗಳೇ ಅವರ ಪಾಠಪುಸ್ತಕ. 1998ರ ನವೆಂಬರ್ 19ರಂದು ಅವರು ನಿಧನರಾದರು. 2007ರಲ್ಲಿ ಪರಿಷ್ಕೃತಗೊಂಡ ಮಾಪಕವೂ ಅವರ ಹೆಸರಿನಲ್ಲೇ ಇದೆ.

ಮಕ್ಕಳೇ, ಮುಂದಿನ ಬಾರಿ ಗಾಳಿಮಳೆಗೆ ಮರಗಳು ಉರುಳಿದರೆ, ವಿದ್ಯುತ್ ತಂತಿಗಳಿಂದ ದೂರ ನಿಂತು, ಅವು ಯಾವ ದಿಕ್ಕಿಗೆ ಬಿದ್ದಿವೆ ಎಂದು ನೋಡಿ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದಿಡಿ. ಫುಜಿತಾ ಮಾಡಿದ್ದೂ ಇದನ್ನೇ.